ಟೈರ್ ಆರಿಸಿದವರು ಒಬ್ಬರು, ಓಡಿಸಿದವರು ಇನ್ನೊಬ್ಬರು

ಈ ಪ್ರಕರಣದಲ್ಲಿ ಯಾರಿಗೂ ಪೆಟ್ಟಾಗಲಿಲ್ಲ, ಕಾರಿಗೆ ಒಂದು ಗೀರೂ ಬೀಳಲಿಲ್ಲ. ಆದರೂ ಬರೆದಿಡುತ್ತಿದ್ದೇನೆ. ತಪ್ಪು ಹೆಜ್ಜೆ ಇಟ್ಟವರಲ್ಲಿ ನಾನೂ ಒಬ್ಬ, ಅದೂ ಎರಡು ಸಲ. ಟೈರ್ ವಿಷಯ ಬಂದರೆ ಸ್ನೇಹಿತರು ನನ್ನನ್ನೇ ಕೇಳುತ್ತಾರೆ, ನಾನೂ ಕೇಳಿದ ಕೂಡಲೇ ಏನಾದರೂ ಹೇಳಿಬಿಡುತ್ತೇನೆ. ಆ ಚಟದ ಕಥೆಯೂ ಇದರಲ್ಲಿದೆ.

ಹೆಸರು, ಊರು, ಕಾರಿನ ಕಂಪನಿ, ಟೈರಿನ ಕಂಪನಿ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಗಂಡನನ್ನು ಮೇಷ್ಟ್ರು ಅನ್ನೋಣ, ಹೆಂಡತಿಯನ್ನು ನರ್ಸ್ ಮೇಡಂ ಅನ್ನೋಣ. ಎರಡೂ ಅವರ ನಿಜವಾದ ಕೆಲಸಗಳೇ.

ಹಿನ್ನೆಲೆ

ಕಾರು ಮಧ್ಯಮ ಗಾತ್ರದ್ದು, ಎಂಜಿನ್ನಿನ ಎಳೆತವೆಲ್ಲ ಮುಂದಿನ ಚಕ್ರಗಳಿಗೆ. ಟೈರಿನ ಅಳತೆ 205/55 ಆರ್16 91ವಿ. ಅಗಲ 205 ಮಿಲಿಮೀಟರ್, ಪಕ್ಕದ ಎತ್ತರ ಅದರ ಶೇಕಡಾ 55, ರಿಮ್ 16 ಇಂಚು. 91 ಅಂದರೆ ಒಂದು ಟೈರ್ 615 ಕಿಲೋ ಹೊರಬಲ್ಲದು, ವಿ ಅಂದರೆ ಗಂಟೆಗೆ 240 ಕಿಲೋಮೀಟರ್ ವೇಗದವರೆಗೆ ತಾಳುತ್ತದೆ. ಹಳೆಯ ಟೈರುಗಳ ಪಕ್ಕದಲ್ಲಿ ಅಚ್ಚಾಗಿರುವ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿದೆವು. ಅದರಲ್ಲಿ ಮೊದಲ ಎರಡು ತಯಾರಾದ ವಾರ, ಆಮೇಲಿನ ಎರಡು ವರ್ಷ. ಟೈರಿಗೆ ಏಳು ವರ್ಷ ದಾಟಿತ್ತು, ಟ್ರೆಡ್ (ರಸ್ತೆಗೆ ತಾಗುವ, ಕಾಲುವೆ ಕೊರೆದ ಭಾಗ) ಎರಡೂವರೆ ಮಿಲಿಮೀಟರ್ ಆಳ ಉಳಿದಿತ್ತು. ಬಹಳಷ್ಟು ದೇಶಗಳಲ್ಲಿ ಕಾನೂನಿನ ಗಡಿ 1.6. ಅಷ್ಟರವರೆಗೆ ಕಾಯುವುದು ಬೇಡ ಅಂತ ಮೇಷ್ಟ್ರು ಹೊಸದು ಹುಡುಕಲು ಕೂತರು. ಅಲ್ಲಿಯವರೆಗೆ ಎಲ್ಲ ಸರಿಯೇ.

ಅವರಿರುವ ಜಾಗದಲ್ಲಿ ಬೇಸಿಗೆ ಬಿಸಿ, ಮಳೆ ವರ್ಷದ ಬಹುಪಾಲು. ಚಳಿಗಾಲದಲ್ಲಿ ಕೆಲವು ದಿನ ಮಾತ್ರ ಹಿಮ ಬಿದ್ದು ಮಧ್ಯಾಹ್ನಕ್ಕೆ ಕರಗುತ್ತದೆ. ಬೇಸಿಗೆಗೊಂದು ಸೆಟ್, ಚಳಿಗಾಲಕ್ಕೊಂದು ಸೆಟ್ ಇಟ್ಟುಕೊಳ್ಳುವುದು ಅವರಿಗೆ ಬೇಡವಾಗಿತ್ತು. ಇರುವುದು ಅಪಾರ್ಟ್‌ಮೆಂಟಿನಲ್ಲಿ, ನಾಲ್ಕು ಟೈರ್ ಇಡಲು ಜಾಗ ಇಲ್ಲ. ವರ್ಷಕ್ಕೆ ಎರಡು ಸಲ ಬಿಚ್ಚಿ ಹಾಕಿಸುವ ತಾಳ್ಮೆಯೂ ಇಲ್ಲ. ಹಾಗಾಗಿ ಆಲ್ ಸೀಸನ್, ಅಂದರೆ ವರ್ಷಪೂರ್ತಿ ಓಡಿಸುವ ಟೈರ್, ಅಂತ ಮೊದಲೇ ತೀರ್ಮಾನವಾಗಿತ್ತು.

ಕಾರನ್ನು ಇಬ್ಬರೂ ಓಡಿಸುತ್ತಾರೆ. ಮೇಷ್ಟ್ರು ಹೆಚ್ಚಾಗಿ ರಜೆಯ ದಿನ, ಹಗಲು ಹೊತ್ತು, ಹೆದ್ದಾರಿಯಲ್ಲಿ. ನರ್ಸ್ ಮೇಡಂ ವಾರಕ್ಕೆ ನಾಲ್ಕೈದು ದಿನ ಆಸ್ಪತ್ರೆಗೆ ಹೋಗಿ ಬರುತ್ತಾರೆ, ಅರ್ಧ ದಾರಿ ಏರಿಳಿತದ್ದು, ಶಿಫ್ಟ್ ಶುರುವಾಗುವುದು ಬೆಳಿಗ್ಗೆ ಆರಕ್ಕೆ. ಅಂದರೆ ಮನೆ ಬಿಡುವುದು ಐದಕ್ಕೆ. ಈ ಒಂದು ಸಾಲನ್ನು ನಾವು ಆಗಲೇ ಎರಡು ಸಲ ಓದಿಕೊಂಡಿದ್ದರೆ ಮುಂದಿನದ್ದೆಲ್ಲ ಬರೆಯುವ ಅಗತ್ಯ ಇರುತ್ತಿರಲಿಲ್ಲ.

ಮೇಷ್ಟ್ರ ಪಟ್ಟಿ

ಮೇಷ್ಟ್ರು ಗಣಿತದವರು. ಒಂದು ಪಟ್ಟಿ ಮಾಡಿದರು: ಬಾಳಿಕೆ, ಶಬ್ದ, ಇಂಧನ, ಒದ್ದೆ ರಸ್ತೆಯ ಹಿಡಿತ, ಹಿಮ. ಒಂದೊಂದಕ್ಕೂ ಅಂಕ, ಅಂಕಕ್ಕೆ ತೂಕ. ಬಾಳಿಕೆಗೆ ಎಲ್ಲಕ್ಕಿಂತ ಜಾಸ್ತಿ ತೂಕ ಕೊಟ್ಟಿದ್ದರು. ಹಿಮಕ್ಕೆ ಎಲ್ಲಕ್ಕಿಂತ ಕಡಿಮೆ, ವರ್ಷಕ್ಕೆ ಕೆಲವೇ ದಿನ ತಾನೇ ಅಂತ.

ಕೊನೆಗೆ ಉಳಿದದ್ದು ಎರಡು ಟೈರ್. ಮೊದಲನೆಯದರ ಮೇಲೆ ಎಂ ಪ್ಲಸ್ ಎಸ್ ಗುರುತು ಮಾತ್ರ ಇತ್ತು, ಅಂದರೆ ಕೆಸರು ಮತ್ತು ಹಿಮ. ಟ್ರೆಡ್‌ವೇರ್ ಅಂಕ, ಅಂದರೆ ಬಾಳಿಕೆಯ ಅಂಕ, 700, ಸದ್ದು ಕಡಿಮೆ, ಒದ್ದೆ ಹಿಡಿತದಲ್ಲಿ ಸಿ ದರ್ಜೆ (ಎ ಎಲ್ಲಕ್ಕಿಂತ ಒಳ್ಳೆಯದು). ಎರಡನೆಯದರ ಮೇಲೆ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಚಿಹ್ನೆ. ಬಾಣದ ಆಕಾರದ ಟ್ರೆಡ್, ತುಂಬ ಸಣ್ಣ ಸಣ್ಣ ಸೀಳುಗಳು, ಟ್ರೆಡ್‌ವೇರ್ ಅಂಕ ಇನ್ನೂರರಷ್ಟು ಕಡಿಮೆ, ಒದ್ದೆ ಹಿಡಿತ ಬಿ, ಸದ್ದು ಸ್ವಲ್ಪ ಜಾಸ್ತಿ. ಇದು ಸಿಗುತ್ತಿದ್ದದ್ದು 94ವಿ ಎಕ್ಸ್‌ಎಲ್‌ನಲ್ಲಿ. ಎಕ್ಸ್‌ಎಲ್ ಅಂದರೆ ದೊಡ್ಡ ಸೈಜ್ ಅಂತ ಮೇಷ್ಟ್ರು ಒಂದು ದಿನ ತಲೆ ಕೆಡಿಸಿಕೊಂಡಿದ್ದರು. ಸೈಜ್ ಅದೇ, ಹೊರುವ ತೂಕ ಮಾತ್ರ 670 ಕಿಲೋ. ಬೇಕಾದ್ದಕ್ಕಿಂತ ಜಾಸ್ತಿ ಹೊರುವ ಟೈರ್ ಹಾಕಬಹುದು, ಕಡಿಮೆ ಹೊರುವುದು ಮಾತ್ರ ಬೇಡ.

ಪಟ್ಟಿಯಲ್ಲಿ ಮೊದಲನೆಯದು ಸುಲಭವಾಗಿ ಗೆದ್ದಿತು. ಮೇಷ್ಟ್ರು ನನಗೆ ಕಳಿಸಿ "ಒಂದ್ಸಲ ನೋಡು ಮಾರಾಯ" ಅಂದರು. ನೋಡಿದೆ, ಚೆನ್ನಾಗಿ ಕಂಡಿತು, ಹೂಂ ಅಂದೆ. ಇದು ನನ್ನ ಮೊದಲ ತಪ್ಪು.

ಈಗ ನೋಡಿದರೆ ಆ ಪಟ್ಟಿಯ ಅಂಕಗಳನ್ನೇ ನಾವು ಸರಿಯಾಗಿ ಓದಿರಲಿಲ್ಲ. ಟ್ರೆಡ್‌ವೇರ್ ಅಂಕ ಅಮೆರಿಕದ ಪದ್ಧತಿ. 100 ಅಂಕದ ಒಂದು ಮಾದರಿ ಟೈರಿಗೆ ಹೋಲಿಸಿ ಕೊಡುವುದು, ಕೊಡುವವರು ಬೇರೆ ಯಾರೋ ಅಲ್ಲ, ಟೈರ್ ಮಾಡಿದ ಕಂಪನಿಯೇ. ಒಂದೇ ಕಂಪನಿಯ ಎರಡು ಟೈರುಗಳನ್ನು ಹೋಲಿಸಲು ಸರಿ, ಎರಡು ಬೇರೆ ಕಂಪನಿಗಳ ನಡುವೆ ಅಷ್ಟಾಗಿ ನಂಬುವ ಹಾಗಿಲ್ಲ. ಎಂ ಪ್ಲಸ್ ಎಸ್ ಇನ್ನೂ ಹಗುರ. ಟ್ರೆಡ್ಡಿನಲ್ಲಿ ಸಾಕಷ್ಟು ಕಾಲುವೆ, ಖಾಲಿ ಜಾಗ ಇದ್ದರೆ ಕಂಪನಿ ಅದನ್ನು ಅಚ್ಚು ಹಾಕಿಕೊಳ್ಳಬಹುದು, ಹಿಮದ ಮೇಲೆ ಓಡಿಸಿ ತೋರಿಸಬೇಕಿಲ್ಲ. ಬೆಟ್ಟದ ಚಿಹ್ನೆಗೆ ಹಾಗಲ್ಲ. ಒತ್ತಿದ ಹಿಮದ ಮೇಲೆ ಮಾದರಿ ಟೈರಿಗಿಂತ ಇಂತಿಷ್ಟು ಹೆಚ್ಚು ಹಿಡಿತ ತೋರಿಸಿದರೆ ಮಾತ್ರ ಸಿಗುವುದು. ಜರ್ಮನಿಯಲ್ಲಿ ಹಿಂದೆ ಎಂ ಪ್ಲಸ್ ಎಸ್ ಇದ್ದರೂ ಚಳಿಗಾಲದ ಟೈರ್ ಅಂತ ಒಪ್ಪುತ್ತಿದ್ದರು, 2024ರ ಅಕ್ಟೋಬರಿನಿಂದ ಬೆಟ್ಟದ ಚಿಹ್ನೆಯೇ ಇರಬೇಕು. ಹೆಸರಿಗೆ ಎರಡೂ ಆಲ್ ಸೀಸನ್, ಆದರೆ ಒಂದು ಬೇಸಿಗೆ ಟೈರಿನ ಕಡೆಗೆ ವಾಲಿದ್ದು, ಇನ್ನೊಂದು ಚಳಿಗಾಲದ ಟೈರಿನ ಕಡೆಗೆ.

ಇದೆಲ್ಲ ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಪಟ್ಟಿ ಅಚ್ಚುಕಟ್ಟಾಗಿತ್ತು, ಅದಕ್ಕೆ ಸುಮ್ನೆ ಒಪ್ಪಿಕೊಂಡೆ.

ಇಳಿಜಾರಿನ ಸಿಗ್ನಲ್

ಟೈರ್ ಹಾಕಿಸಿದ್ದು ಚಳಿ ಶುರುವಾಗುವ ಮುಂಚೆ. ಎರಡು ತಿಂಗಳು ಮೇಷ್ಟ್ರು ಸಿಕ್ಕವರಿಗೆಲ್ಲ ಟೈರ್ ಎಷ್ಟು ಸದ್ದಿಲ್ಲ ಅಂತ ಹೇಳಿಕೊಂಡು ಓಡಾಡಿದರು. ಸದ್ದು ನಿಜವಾಗಿಯೂ ಇರಲಿಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ, ಉಷ್ಣಾಂಶ ಎರಡೋ ಮೂರೋ ಡಿಗ್ರಿ. ಹಿಮವಲ್ಲ, ಹಿಮ ಬೆರೆತ ಮಳೆ. ರಸ್ತೆ ಕಪ್ಪಗೆ, ಒದ್ದೆಯಾಗಿತ್ತು, ನೋಡಿದರೆ ಮಾಮೂಲಿ ಮಳೆಯ ರಸ್ತೆಯ ಹಾಗೆಯೇ. ಇಳಿಜಾರಿನ ಕೊನೆಯಲ್ಲಿ ಸಿಗ್ನಲ್, ಕೆಂಪು ಬಿತ್ತು. ನರ್ಸ್ ಮೇಡಂ ಬ್ರೇಕ್ ಒತ್ತಿದರು, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಗರಗರ ಅಂದಿತು, ಕಾರು ನಿಲ್ಲಲಿಲ್ಲ. ಗೆರೆ ದಾಟಿ ಒಂದು ಕಾರಿನುದ್ದ ಮುಂದೆ ಹೋಗಿ ಕೂಡುರಸ್ತೆಯ ನಡುವೆ ನಿಂತಿತು. ಬೆಳಗಿನ ಐದೂ ಕಾಲು, ಅಡ್ಡ ಯಾರೂ ಬರಲಿಲ್ಲ. ಅಷ್ಟೇ ನಡೆದದ್ದು.

ಮೇಡಂ ಇದನ್ನು ಮನೆಯಲ್ಲಿ ಹೇಳಲಿಲ್ಲ. ತನ್ನದೇ ತಪ್ಪು ಅಂದುಕೊಂಡರು. ನಾಲ್ಕು ದಿನ ಬಿಟ್ಟು ನನಗೆ ಫೋನ್ ಮಾಡಿ ಕೇಳಿದ್ದು ಟೈರಿನ ಬಗ್ಗೆ ಅಲ್ಲವೇ ಅಲ್ಲ. "ಅಣ್ಣಾ, ಎಬಿಎಸ್ ಇರೋ ಕಾರಲ್ಲಿ ಬ್ರೇಕ್ ಹೇಗೆ ಒತ್ತಬೇಕು? ನಾನು ತಪ್ಪಾಗಿ ಒತ್ತುತಾ ಇದೀನಿ ಅನ್ಸುತ್ತೆ." ಹೇಗೆ ಒತ್ತುತ್ತೀರಿ ಅಂತ ಕೇಳಿದೆ. ಗಟ್ಟಿಯಾಗಿ ಒತ್ತಿ ಹಿಡಿದಿದ್ದರು. ಅದೇ ಸರಿ. ಆಮೇಲೆ ಬಿಡಿಸಿ ಕೇಳಿದಾಗ ಗೊತ್ತಾಯಿತು, ಕಾರು ಜಾರಿದ್ದು ಅದೇ ಮೊದಲಲ್ಲ, ಮೂರನೆಯ ಸಲ.

ಈ ಪ್ರಕರಣದ ಮೊದಲ ತಿರುವು ನನ್ನ ಮಟ್ಟಿಗೆ ಆ ಫೋನು. ಟೈರ್ ಆರಿಸಿದವರ ಕಡೆಯಿಂದ ದೂರು ಬರುವುದೇ ಇಲ್ಲ, ಅವರು ಆ ಹೊತ್ತಿನಲ್ಲಿ ಮಲಗಿರುತ್ತಾರೆ. ಓಡಿಸಿದವರು ದೂರು ಹೇಳುವ ಬದಲು ತಮ್ಮನ್ನೇ ಅನುಮಾನಿಸುತ್ತಾರೆ.

ಮಾಡಿ ನೋಡಿದ್ದು

ಮೊದಲು ಗಾಳಿ. ಟೈರ್ ಹಾಕಿಸಿದ ದಿನ ಬೆಚ್ಚಗಿನ ಶೆಡ್ಡಿನಲ್ಲಿ 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿಸಿದ್ದು, ಆಮೇಲೆ ಯಾರೂ ನೋಡಿರಲಿಲ್ಲ. ಉಷ್ಣಾಂಶ ಐದೂವರೆ ಡಿಗ್ರಿ ಇಳಿದರೆ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಚಳಿಯ ಬೆಳಿಗ್ಗೆ ನೋಡಿದಾಗ 29 ತೋರಿಸಿತು. ಜಾರುವಾಗ ಗಾಳಿ ಇನ್ನೂ ಕಡಿಮೆ ಮಾಡಿ ಅಂತ ಯಾರೋ ಮೇಷ್ಟ್ರಿಗೆ ಹೇಳಿದ್ದರಂತೆ. ಅದು ಮರಳಿನಲ್ಲಿ ಸಿಕ್ಕಿಕೊಂಡ ಗಾಡಿಗೆ ಹೇಳುವ ಮಾತು, ಡಾಂಬರಿಗಲ್ಲ. ಬಾಗಿಲ ಚೌಕಟ್ಟಿನ ಚೀಟಿಯಲ್ಲಿದ್ದಷ್ಟು ತುಂಬಿಸಿದೆವು. ಸ್ಟೇರಿಂಗ್ ಸ್ವಲ್ಪ ಚುರುಕಾಯಿತು, ಬ್ರೇಕಿನಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಬ್ರೇಕ್ ಪ್ಯಾಡ್, ಎಬಿಎಸ್ ಎಲ್ಲ ಪರೀಕ್ಷೆ ಮಾಡಿಸಿದರು, ಅವೂ ಸರಿಯಿದ್ದವು.

ಉಳಿದದ್ದು ಟೈರ್. ರಬ್ಬರ್ ಚಳಿಗೆ ಗಡುಸಾಗುತ್ತದೆ, ಎಷ್ಟು ಗಡುಸಾಗುತ್ತದೆ ಅನ್ನುವುದು ಅದರ ಮಿಶ್ರಣದ ಮೇಲೆ ಹೋಗುತ್ತದೆ. ಟೈರ್ ಕಂಪನಿಗಳು 7 ಡಿಗ್ರಿ ಅಂತ ಒಂದು ಗಡಿ ಹೇಳುತ್ತವೆ. 7ಕ್ಕೆ ಚೆನ್ನಾಗಿದ್ದು 6ಕ್ಕೆ ಕೆಡುತ್ತದೆ ಅಂತಲ್ಲ, ಮೆಲ್ಲಗೆ ಇಳಿಯುತ್ತಾ ಹೋಗುತ್ತದೆ. ಮೊದಲನೆಯ ಟೈರಿನ ಬಾಳಿಕೆಯ ಗುಟ್ಟೂ ಇದರಲ್ಲೇ ಇದೆ: ಗಡುಸು ರಬ್ಬರ್ ಬೇಗ ಸವೆಯುವುದಿಲ್ಲ. ಪಟ್ಟಿಯಲ್ಲಿ ಯಾವ ಗುಣಕ್ಕೆ ಅಂಕ ಕೊಟ್ಟಿದ್ದೆವೋ ಅದೇ ಗುಣ ಇಳಿಜಾರಿನಲ್ಲಿ ಕೈಕೊಟ್ಟಿತ್ತು.

ಇಲ್ಲಿ ನನ್ನ ಎರಡನೆಯ ತಪ್ಪು. ಎರಡೇ ತಿಂಗಳ ನಾಲ್ಕು ಟೈರ್ ಬಿಚ್ಚಿ ಬಿಸಾಡುವುದಕ್ಕೆ ಮೇಷ್ಟ್ರಿಗೆ ಮನಸ್ಸಾಗಲಿಲ್ಲ, ಯಾರಿಗೆ ಆಗುತ್ತೆ ಹೇಳಿ. ಎರಡನೆಯ ಟೈರನ್ನು ಮುಂದಿನ ಎರಡು ಚಕ್ರಕ್ಕೆ ಮಾತ್ರ ಹಾಕಿಸಿ ಅಂತ ನಾನು ಹೇಳಿದೆ. ಎಳೆಯುವುದು ಮುಂದಿನ ಚಕ್ರ, ತಿರುಗುವುದು ಮುಂದಿನ ಚಕ್ರ, ಬ್ರೇಕಿನ ಭಾರವೂ ಮುಂದೆಯೇ ಜಾಸ್ತಿ, ಇನ್ನೇನು ಬೇಕು ಅನ್ನುವ ಲೆಕ್ಕ. ಟೈರ್ ಹಾಕುವ ಹುಡುಗ ಒಪ್ಪಲಿಲ್ಲ. "ಹಾಕೋದಾದರೆ ನಾಲ್ಕೂ ಹಾಕಿ. ಎರಡೇ ಅಂದ್ರೆ ಹಿಂದೆ ಹಾಕಿ, ಮುಂದೆ ಬೇಡ" ಅಂದ. ನಾಲ್ಕು ಮಾರುವ ಆಸೆಗೆ ಹೇಳ್ತಿದ್ದಾನೆ ಅಂದುಕೊಂಡು ಅವನ ಜೊತೆ ವಾದ ಮಾಡಿ ಮುಂದೆಯೇ ಹಾಕಿಸಿದೆ. ಅವನ ಮುಖ ಈಗಲೂ ನೆನಪಿದೆ.

ಮೂರು ವಾರ ಎಲ್ಲ ಚೆನ್ನಾಗಿತ್ತು. ಮೇಡಂ ಫೋನ್ ಮಾಡಿ ಈಗ ಬ್ರೇಕ್ ಹಿಡಿಯುತ್ತದೆ ಅಂದರು. ಆಮೇಲೆ ಜನವರಿ ಕೊನೆಯ ಒಂದು ಸಂಜೆ ಮೇಷ್ಟ್ರೇ ಓಡಿಸುತ್ತಿದ್ದರು. ಒದ್ದೆ ರಸ್ತೆ, ಚಳಿ, ಒಂದು ದೊಡ್ಡ ವೃತ್ತ. ಮುಂದಿನ ಟೈರ್ ಚೆನ್ನಾಗಿ ಹಿಡಿಯುತ್ತಿದ್ದರಿಂದ ತಿಳಿಯದೇ ಸ್ವಲ್ಪ ವೇಗವಾಗಿಯೇ ತಿರುಗಿದ್ದಾರೆ. ಮುಂದಿನ ಭಾಗ ತಿರುಗಿತು, ಹಿಂದಿನ ಭಾಗ ಹೊರಗೆ ಬೀಸಿತು. ಕಾರಿನಲ್ಲಿ ಸ್ಥಿರತೆ ಕಾಯುವ ವ್ಯವಸ್ಥೆ ಇತ್ತು, ಅದು ಹಿಡಿದು ನಿಲ್ಲಿಸಿತು. ಇಲ್ಲದಿದ್ದರೆ ಕಾರು ಗಿರಕಿ ಹೊಡೆಯುತ್ತಿತ್ತು.

ಹುಡುಗ ಹೇಳಿದ್ದು ಇದನ್ನೇ. ಮುಂದಿನ ಚಕ್ರ ಜಾರಿದರೆ ಕಾರು ನೇರಕ್ಕೆ ಹೋಗುತ್ತದೆ, ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಹೆಚ್ಚಿನ ಸಲ ಹಿಡಿತ ಮರಳಿ ಬರುತ್ತದೆ, ಅದು ಯಾರಿಗಾದರೂ ಸಹಜವಾಗಿ ಹೊಳೆಯುವ ಕೆಲಸ. ಹಿಂದಿನ ಚಕ್ರ ಜಾರಿದಾಗ ಕಾಲು ತೆಗೆದರೆ ಭಾರ ಮುಂದಕ್ಕೆ ಹೋಗಿ ಹಿಂಭಾಗ ಇನ್ನೂ ಹಗುರಾಗುತ್ತದೆ, ಇನ್ನೂ ಬೀಸುತ್ತದೆ. ಅದನ್ನು ಸರಿಪಡಿಸಲು ಬೇಕಾದ ಕೈಚಳಕ ನಮ್ಮ ನಿಮ್ಮಂಥವರಿಗೆ ಇರುವುದಿಲ್ಲ. ಬಹುತೇಕ ಟೈರ್ ಕಂಪನಿಗಳು ಹೊಸ ಜೋಡಿ ಹಿಂದಕ್ಕೆ ಹಾಕಿ ಅಂತ ಹೇಳುವುದು ಇದಕ್ಕೇ, ಮುಂದಿನ ಚಕ್ರದಿಂದ ಓಡುವ ಕಾರಿಗೂ ಅದೇ ಮಾತು. ಒಂದೇ ಬಗೆಯ ಟೈರಿನಲ್ಲಿ ಟ್ರೆಡ್ ಆಳದ ವ್ಯತ್ಯಾಸಕ್ಕೇ ಹೀಗಾದರೆ, ನಾನು ಎರಡು ಬೇರೆ ಸ್ವಭಾವದ ರಬ್ಬರನ್ನೇ ಸೇರಿಸಿಬಿಟ್ಟಿದ್ದೆ.

ಡೈರಿ

ಮಾರನೆಯ ದಿನ ಮೂವರೂ ಕೂತೆವು. ಮೇಷ್ಟ್ರು ಮತ್ತೆ ಪಟ್ಟಿ ತೆರೆದು ಹಿಮದ ತೂಕ ಜಾಸ್ತಿ ಮಾಡಲು ಹೊರಟರು. ಮೇಡಂ ಒಳಗೆ ಹೋಗಿ ತಮ್ಮ ಡ್ಯೂಟಿ ಡೈರಿ ತಂದು ಮೇಜಿನ ಮೇಲಿಟ್ಟರು. ಯಾವ ದಿನ ಯಾವ ಶಿಫ್ಟ್, ಯಾವ ದಿನ ಲೇಟ್, ಯಾಕೆ ಲೇಟ್ ಎಲ್ಲ ಅದರಲ್ಲಿತ್ತು. ಆ ದಿನಗಳ ಹವಾಮಾನ ದಾಖಲೆ ತೆಗೆದು ಪಕ್ಕದಲ್ಲಿ ಹೊಂದಿಸಿದೆವು.

ಮೂರು ತಿಂಗಳಲ್ಲಿ 58 ಶಿಫ್ಟ್. ರಸ್ತೆಯ ಮೇಲೆ ಹಿಮ ಇದ್ದದ್ದು 6 ದಿನ. ರಸ್ತೆ ಒದ್ದೆ, ಉಷ್ಣಾಂಶ 5 ಡಿಗ್ರಿಗಿಂತ ಕಡಿಮೆ ಇದ್ದದ್ದು 24 ದಿನ. ಕಾರು ಜಾರಿದ್ದು ಅಂತ ಅವರಿಗೆ ನೆನಪಿದ್ದದ್ದು ಐದು ಸಲ, ಅದರಲ್ಲಿ ನಾಲ್ಕು ಈ 24ರಲ್ಲೇ. ಹಿಮದ ದಿನ ಎಲ್ಲರೂ ಹೆದರಿ ಮೆಲ್ಲಗೆ ಓಡಿಸುತ್ತಾರೆ. ಒದ್ದೆ ರಸ್ತೆಗೆ ಯಾರೂ ಹೆದರುವುದಿಲ್ಲ, ಅಲ್ವಾ? ನಮಗೆ ಹಿಮದ ಸಮಸ್ಯೆ ಇದೆ ಅಂದುಕೊಂಡಿದ್ದೆವು, ಇದ್ದದ್ದು ಚಳಿಯ ಮಳೆಯ ಸಮಸ್ಯೆ. ಪಟ್ಟಿಯಲ್ಲಿ ಅದಕ್ಕೆ ಒಂದು ಸಾಲೂ ಇರಲಿಲ್ಲ.

ಆಮೇಲೆ ಮೇಡಂ ಕೇಳಿದ್ದು ಒಂದೇ ಪ್ರಶ್ನೆ, ಗಂಡನಿಗೆ: "ರಸ್ತೆ ಚೆನ್ನಾಗಿಲ್ಲ ಅಂದ್ರೆ ನೀವು ಹೊರಡೋದನ್ನ ನಾಳೆಗೆ ಹಾಕ್ತೀರಿ. ನಾನು ಯಾವ ದಿನಕ್ಕೆ ಹಾಕಲಿ?" ಮೇಷ್ಟ್ರು ಪಟ್ಟಿ ಮುಚ್ಚಿದರು.

ಅಲ್ಲಿಂದ ತೀರ್ಮಾನ ಬೇಗ ಆಯಿತು, ಆದರೆ ನಾನು ಅಂದುಕೊಂಡಷ್ಟು ಸರಳವಾಗಿ ಅಲ್ಲ. ಬೆಟ್ಟದ ಚಿಹ್ನೆ ಇದ್ದರೆ ಸಾಕು ಅಂತ ಹೊರಟರೆ ಮತ್ತೆ ಎಡವುತ್ತಿದ್ದೆವು. ಆ ಚಿಹ್ನೆ ಹೇಳುವುದು ಒತ್ತಿದ ಹಿಮದ ಬಗ್ಗೆ ಮಾತ್ರ. ಮಳೆಯಲ್ಲಿ ನಿಲ್ಲುವ ಬಗ್ಗೆ ಏನೂ ಹೇಳುವುದಿಲ್ಲ, ಗಾಜಿನಂಥ ಮಂಜುಗಡ್ಡೆಯ ಬಗ್ಗೆಯೂ ಇಲ್ಲ. ಮೂರನೆಯ ಒಂದು ಟೈರ್ ನೋಡಿದೆವು, ಚಿಹ್ನೆ ಇತ್ತು, ಹಿಮದಲ್ಲಿ ಚೆನ್ನಾಗಿದೆ ಅನ್ನುತ್ತಿದ್ದರು, ಒದ್ದೆ ಹಿಡಿತ ಡಿ ದರ್ಜೆ. ಈ 24 ದಿನಗಳಿಗೆ ಅದು ಬೇಡ ಅಂತ ಬಿಟ್ಟೆವು. ಯುರೋಪಿನ ಲೇಬಲ್‌ನಲ್ಲಿ ಒದ್ದೆ ಹಿಡಿತಕ್ಕೆ 'ಎ'ಯಿಂದ 'ಇ'ವರೆಗೆ ದರ್ಜೆ ಇರುತ್ತದೆ. ಚಿಹ್ನೆ ಮತ್ತು ದರ್ಜೆ ಎರಡನ್ನೂ ಒಟ್ಟಿಗೆ ನೋಡಿದಾಗ ಎರಡನೆಯ ಟೈರೇ ಉಳಿಯಿತು.

ಬರೀ ಚಳಿಗಾಲದ ಟೈರ್ ಒಂದು ಸೆಟ್ ಕೊಳ್ಳುವುದನ್ನೂ ಯೋಚಿಸಿದೆವು. ಹಿಮ ತಿಂಗಳುಗಟ್ಟಲೆ ನಿಲ್ಲುವ ಜಾಗವಾಗಿದ್ದರೆ ಅದನ್ನೇ ಹೇಳುತ್ತಿದ್ದೆ. ಇಲ್ಲಿ ಆರು ದಿನಕ್ಕೆ ಅದು ಜಾಸ್ತಿಯಾಯಿತು. ರಸ್ತೆ ಮಂಜುಗಡ್ಡೆ ಕಟ್ಟಿದ ದಿನ ಯಾವ ಆಲ್ ಸೀಸನ್ ಟೈರನ್ನೂ ನಂಬುವುದು ಬೇಡ, ಬಸ್ಸಿನಲ್ಲಿ ಹೋಗುವುದು ಅಂತ ಮೇಡಂ ತಾವೇ ನಿಯಮ ಮಾಡಿಕೊಂಡರು.

ಆಮೇಲೆ ಆದದ್ದು

ಇನ್ನೆರಡು ಟೈರ್ ತಂದು ಹಿಂದೆ ಹಾಕಿಸಿದೆವು. ಅದೇ ಹುಡುಗ, ಏನೂ ಮಾತಾಡಲಿಲ್ಲ. ನಾನೇ ತಪ್ಪಾಯಿತು ಅಂದೆ.

ಮುಂದಿನ ಚಳಿಗಾಲ ಅದೇ ಇಳಿಜಾರು, ಹೆಚ್ಚುಕಡಿಮೆ ಅಂಥದ್ದೇ ಬೆಳಿಗ್ಗೆ, ಕಾರು ಗೆರೆಗಿಂತ ಹಿಂದೆಯೇ ನಿಂತಿತು. ಪೂರ್ತಿ ಹೆಗ್ಗಳಿಕೆ ಟೈರಿಗೆ ಕೊಡುವುದು ನ್ಯಾಯವಲ್ಲ. ಮೇಡಂ ಈಗ ಆ ಇಳಿಜಾರಿನಲ್ಲಿ ಮೊದಲಿಗಿಂತ ನಿಧಾನ ಬರುತ್ತಾರೆ, ಗಾಳಿಯನ್ನೂ ತಿಂಗಳಿಗೊಮ್ಮೆ ನೋಡುತ್ತಾರೆ. ಆದರೂ ಆ ಚಳಿಗಾಲ ಪೂರ್ತಿ ಕಾರು ಜಾರಿದ್ದು ಒಂದೇ ಸಲ, ಅದೂ ಹಿಮದ ಮೇಲೆ, ಪಾರ್ಕಿಂಗ್ ಜಾಗದಲ್ಲಿ.

ಕಳೆದುಕೊಂಡದ್ದೂ ಇದೆ. ತರಿ ತರಿ ರಸ್ತೆಯಲ್ಲಿ 60ರಿಂದ 80ರ ವೇಗದಲ್ಲಿ ಒಂದು ಗುಂಯ್ ಸದ್ದು ಬರುತ್ತದೆ. ಲೇಬಲ್‌ನಲ್ಲಿರುವ ಡೆಸಿಬೆಲ್ ರಸ್ತೆ ಬದಿಯಲ್ಲಿ ನಿಂತವರಿಗೆ ಕೇಳುವ ಸದ್ದು, ಒಳಗೆ ಕೂತವರಿಗೆ ಕೇಳುವುದಲ್ಲ, ಹಾಗಾಗಿ ಅದನ್ನು ನೋಡಿ ಇದು ಗೊತ್ತಾಗುವ ಹಾಗಿರಲಿಲ್ಲ. ಬೇಸಿಗೆಯ ಬಿಸಿ ಡಾಂಬರಿನ ಮೇಲೆ ಸ್ಟೇರಿಂಗ್ ಕೊಂಚ ಮೆತ್ತಗೆ ಅನ್ನಿಸುತ್ತದೆ. ಬಾಣದ ಟ್ರೆಡ್ ಆದ್ದರಿಂದ ಟೈರನ್ನು ಎಡದಿಂದ ಬಲಕ್ಕೆ ಹಾಕುವ ಹಾಗಿಲ್ಲ, ಅದೇ ಪಕ್ಕದಲ್ಲಿ ಹಿಂದೆ ಮುಂದೆ ಮಾತ್ರ.

ಸವೆತದ ಲೆಕ್ಕದಲ್ಲಿ ಮಾತ್ರ ನನಗೆ ಹೊಸದೊಂದು ತಿಳಿಯಿತು. ಒಮ್ಮೆಯೂ ಹಿಂದೆ ಮುಂದೆ ಮಾಡಿಸದೆ 14,000 ಕಿಲೋಮೀಟರ್ ಆದ ಮೇಲೆ ಅಳೆದೆವು, ಮುಂದಿನವು 8.2ರಿಂದ 6.6 ಮಿಲಿಮೀಟರಿಗೆ ಇಳಿದಿದ್ದವು. ಮೇಷ್ಟ್ರು 1.6ರವರೆಗೆ ಲೆಕ್ಕ ಹಾಕಿ ಎಷ್ಟು ಕಿಲೋಮೀಟರ್ ಬರುತ್ತದೆ ಅಂತ ಖುಷಿಯಾಗಿ ಹೇಳುತ್ತಿದ್ದರು. ಆದರೆ ಟ್ರೆಡ್ 4 ಮಿಲಿಮೀಟರಿಗಿಂತ ಕೆಳಗಿಳಿದರೆ ಹಿಮದಲ್ಲಿ ಹಿಡಿತ ತುಂಬ ಕಡಿಮೆಯಾಗುತ್ತದೆ. ಆಸ್ಟ್ರಿಯಾದಲ್ಲಿ 4ಕ್ಕಿಂತ ಕಡಿಮೆ ಇದ್ದರೆ ಅದನ್ನು ಚಳಿಗಾಲದ ಟೈರ್ ಅಂತ ಕಾನೂನೇ ಒಪ್ಪುವುದಿಲ್ಲ. ಅಂದರೆ ಮೇಡಂ ಕೆಲಸಕ್ಕೆ ಈ ಟೈರಿನ ಆಯಸ್ಸು 8.2ರಿಂದ 4ರವರೆಗೆ, ಉಳಿದದ್ದು ಬೇಸಿಗೆಯ ಪಾಲು. ಮೊದಲ ಪಟ್ಟಿಯ ಬಾಳಿಕೆಯ ಅಂಕದಲ್ಲಿ ಹೀಗೆ ಮೇಡಂ ಉಪಯೋಗಿಸಲಾಗದ ಮಿಲಿಮೀಟರುಗಳೇ ಎಷ್ಟೋ ಸೇರಿದ್ದವು.

ಇದನ್ನು ಓದಿ ಎಲ್ಲರೂ ಎರಡನೆಯ ಬಗೆಯ ಟೈರ್ ಹಾಕಿಸಬೇಕಿಲ್ಲ. 7 ಡಿಗ್ರಿಗಿಂತ ಕೆಳಗೆ ಇಳಿಯದ ಜಾಗದಲ್ಲಿ ಓಡಿಸುವವರಿಗೆ ಮೊದಲನೆಯದೇ ಸರಿ, ಅದು ಕೆಟ್ಟ ಟೈರೇನೂ ಆಗಿರಲಿಲ್ಲ. ಮೇಷ್ಟ್ರು ಒಬ್ಬರೇ ಓಡಿಸುವ ಕಾರಾಗಿದ್ದರೆ ಆ ಪಟ್ಟಿಯಲ್ಲೂ ದೊಡ್ಡ ತಪ್ಪಿರಲಿಲ್ಲ. ಈಗ ಯಾರಾದರೂ ನನ್ನನ್ನು ಟೈರ್ ಕೇಳಿದರೆ ಅಳತೆ ಕೇಳುವ ಮುಂಚೆ ಇನ್ನೊಂದು ಕೇಳುತ್ತೇನೆ: ಮನೆಯಲ್ಲಿ ಬೇರೆ ಯಾರು ಓಡಿಸುತ್ತಾರೆ, ಎಷ್ಟು ಗಂಟೆಗೆ? ಕೆಲವರು ಯಾಕೆ ಅಂತ ವಿಚಿತ್ರವಾಗಿ ನೋಡುತ್ತಾರೆ.

ಬಿಚ್ಚಿದ ನಾಲ್ಕು ಟೈರುಗಳಲ್ಲಿ ಎರಡು ಮಾರಾಟವಾದವು. ಉಳಿದೆರಡನ್ನು ಯಾರೂ ಕೊಳ್ಳಲಿಲ್ಲ. ಎರಡು ಸೆಟ್ ಇಡಲು ಜಾಗವಿಲ್ಲ ಅಂತ ತಾನೇ ಇವರು ಆಲ್ ಸೀಸನ್ ಆರಿಸಿದ್ದು? ಆ ಎರಡು ಟೈರ್ ಈಗ ಬಾಲ್ಕನಿಯಲ್ಲಿವೆ, ಒಂದರ ಮೇಲೊಂದು. ಮೇಷ್ಟ್ರು ಮೇಲೆ ಒಂದು ಹಲಗೆ ಹಾಕಿ ಹೂಕುಂಡ ಇಟ್ಟಿದ್ದಾರೆ.